ಸಾರಥಿ ಇಲ್ಲದ ಹದಿನೆಂಟು ನಿಮಿಷ

ಆಗುವುದಿಲ್ಲ ಎಂದವರು ನಮ್ಮೂರಿನ ಆಟದ ಮಾಸ್ತರರು. ನ್ಯಾಲ್ಕಲ್ ಕಡೆಯ ನಮ್ಮೂರಿನಲ್ಲಿ ನಲವತ್ತು ವರ್ಷದಿಂದ ಬಯಲಾಟ ಕಲಿಸುತ್ತಿದ್ದವರು ಅವರು. ಹಣಮಂದೇವರ ಗುಡಿಕಟ್ಟೆಯ ಮೇಲೆ ಕೂತು ನನ್ನ ಮಾತನ್ನು ಪೂರ್ತಿ ಕೇಳಿದರು. ಬಾಯಲ್ಲಿದ್ದ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿಕೊಂಡು ಹೇಳಿದರು:

"ತಂಗಿ, ನೀ ಬಿ.ಎ. ಮಾಡೀದಿ, ಖರೇ. ಆದ್ರ ಇಪ್ಪತ್ತು ಮಿನಿಟಿನ್ಯಾಗ ಆಟ ಮುಗಿಸೋದು ಯಾರ ಕೈಲಿಂದೂ ಆಗಲ್ಲ. ಇಪ್ಪತ್ತು ಮಿನಿಟಿಗಿ ನಮ್ಮ ಗಣಪತಿ ಇನ್ನಾ ಸೊಂಡಿ ಕಟ್ಟಕೋತಿರ್ತಾನ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವಂಥ ಪರಿಸ್ಥಿತಿ ಮಾತ್ರ ನನ್ನದಾಗಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆಯ ಭಾಗ. ಹೈದರಾಬಾದಿನ ಟಿವಿ ಕೇಂದ್ರವೊಂದರಲ್ಲಿ ಹಳ್ಳಿಗಳಿಗಾಗಿ ತೆಲುಗಿನ ಜೊತೆಗೆ ಕನ್ನಡದಲ್ಲೂ ಕಾರ್ಯಕ್ರಮ ಮಾಡುತ್ತಿದ್ದರು. ಕನ್ನಡ ಬರೆಯಬಲ್ಲವರು ಬೇಕೆಂದು ನನ್ನನ್ನು ಆರು ತಿಂಗಳ ತರಬೇತಿಗೆ ತೆಗೆದುಕೊಂಡಿದ್ದರು. ಷರತ್ತು ಒಂದೇ. ಆರು ತಿಂಗಳೊಳಗೆ ಒಂದು ನಾಟಕವನ್ನು ನಾನೇ ಬರೆದು, ನಾನೇ ಆಡಿಸಬೇಕು, ಅದು ಪ್ರಸಾರಕ್ಕೆ ಪಾಸಾಗಬೇಕು. ಪಾಸಾದರೆ ಸರ್ಟಿಫಿಕೇಟು, ಸರ್ಟಿಫಿಕೇಟಿದ್ದರೆ ಕಾಯಂ ನೌಕರಿಯ ಸಂದರ್ಶನಕ್ಕೆ ಕರೆ. ಇಲ್ಲವಾದರೆ ಊರಿನ ದಾರಿ. ಐದು ತಿಂಗಳು ಮುಗಿದಿತ್ತು. ನನ್ನ ಜೊತೆ ಸೇರಿದ್ದ ಇಬ್ಬರು ತೆಲುಗಿನವರು ತಮ್ಮ ನಾಟಕ ಮುಗಿಸಿ, ಕಾಗದ ಪಡೆದು ಹೋಗಿಯೂ ಆಗಿತ್ತು. ನಾನಿನ್ನೂ ಬೇರೆಯವರ ಸ್ಕ್ರಿಪ್ಟಿಗೆ ಕಾರ್ಬನ್ ಇಟ್ಟು ಪ್ರತಿ ತೆಗೆಯುತ್ತಿದ್ದೆ.

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಕೈ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೈದರಾಬಾದಿಗೆ ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಮನೆಯಲ್ಲಿ ಹಟ ಹಿಡಿದಾಗ ಅಪ್ಪನ ಅಕ್ಕ, ನನ್ನ ಅತ್ತಿ, ತನ್ನ ಎರಡು ಎಮ್ಮೆಗಳನ್ನು ನೆರೆಮನೆಗೆ ಒಪ್ಪಿಸಿ ನನ್ನ ಬೆನ್ನು ಹತ್ತಿ ಬಂದಳು. ಒಂದೇ ಕೋಣೆ, ಒಂದೇ ಸ್ಟೋವು. ನಾನು ಕೆಲಸಕ್ಕೆ ಹೋದರೆ ಅವಳಿಗೆ ಇಡೀ ದಿನ ಮಾತಾಡಲು ಜನವಿಲ್ಲ. ನಾನು ವಾಪಸು ಬಂದಾಗ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇವತ್ತರ ನಿನಗ ಕೆಲಸ ಕೊಟ್ರೇನು?"

ಕೊನೆಗೊಮ್ಮೆ ಕೊಟ್ಟರು. ವಿಷಯ ಹೈಬ್ರಿಡ್ ಜೋಳದ ಬೀಜ. ಊರಿನ ಸಹಕಾರಿ ಸೊಸೈಟಿಯಲ್ಲಿ ಮನೆಗೊಂದು ಚೀಲ ಬೀಜ ಹಂಚುತ್ತಾರೆ. ಒಬ್ಬ ಆಸೆಬುರುಕ ಮೂರು ಬೇರೆ ಬೇರೆ ರುಮಾಲು ಸುತ್ತಿಕೊಂಡು, ಮೂರು ಹೆಸರಿನಲ್ಲಿ ಮೂರು ಚೀಲ ಎತ್ತುತ್ತಾನೆ, ಕೊನೆಗೆ ಸಿಕ್ಕಿಬೀಳುತ್ತಾನೆ. ಇಷ್ಟು ಕಥೆ. ಅವನ ಮನೆ, ಹೊಲ, ಸೊಸೈಟಿ ಎಂದು ಮೂರು ದೃಶ್ಯ ಬರೆದಿದ್ದೆ. ಸಿಟಿಯ ಕಾಲೇಜು ಹುಡುಗರಿಂದ ಓದಿಸಿ ನೋಡಿದರೆ ರೈತ ಪಂಚಾಂಗ ಓದಿದ ಹಾಗೆ ಕೇಳಿಸುತ್ತಿತ್ತು. "ನಮ್ಮೂರಾಗ ಬಯಲಾಟದ ಮಂದಿ ಇದ್ದಾರೆ ಸರ್, ಅವರಿಂದ ಮಾಡಿಸ್ತೀನಿ" ಎಂದುಬಿಟ್ಟೆ. ನಿರ್ಮಾಪಕರು ಮೈಸೂರು ಕಡೆಯವರು, ಸಮಾಧಾನದ ಮನುಷ್ಯ. "ಎರಡು ದಿನ ಕೊಡ್ತೀನಿ. ಆಮೇಲೆ ಜೀಪು ತಾಂಡೂರಿಗೆ ಹೋಗಬೇಕು, ಅಲ್ಲಿ ಬೇರೆ ಚಿತ್ರೀಕರಣ ಇದೆ" ಎಂದರು.

ಆಗಿನ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಹೊರಾಂಗಣಕ್ಕೆ ಒಯ್ಯುವ ನಮ್ಮ ರೆಕಾರ್ಡರಿನ ಒಂದು ಕ್ಯಾಸೆಟ್ಟಿಗೆ ಇಪ್ಪತ್ತು ನಿಮಿಷ. ಕೇಂದ್ರದಲ್ಲಿ ಎಡಿಟಿಂಗ್ ಯಂತ್ರ ಒಂದೇ ಇತ್ತು. ಕತ್ತರಿಸಿ ಜೋಡಿಸಿದಲ್ಲೆಲ್ಲ ಚಿತ್ರ ಒಮ್ಮೆ ಕುಣಿದು ಹರಿದಂತೆ ಕಾಣುತ್ತಿತ್ತು. ಆದ್ದರಿಂದ ಸಣ್ಣ ನಾಟಕಗಳನ್ನು ತಡೆಯಿಲ್ಲದೆ ಒಂದೇ ಓಟಕ್ಕೆ ತೆಗೆಯುವುದು ರೂಢಿ. ಒಬ್ಬರು ತಪ್ಪಿದರೆ ಮತ್ತೆ ಮೊದಲಿನಿಂದ. ನಮಗೆ ಸಿಕ್ಕದ್ದು ಮೂರು ಕ್ಯಾಸೆಟ್, ಎರಡು ಬ್ಯಾಟರಿ. ಬ್ಯಾಟರಿ ಇಳಿದರೆ ಜಹೀರಾಬಾದಿನ ಪ್ರವಾಸಿ ಬಂಗಲೆಗೆ ಒಯ್ದು ಚಾರ್ಜಿಗೆ ಹಾಕಬೇಕು.

ಆಗುವುದಿಲ್ಲ ಎಂದ ಮಾಸ್ತರರು ಬರುವುದಿಲ್ಲ ಎನ್ನಲಿಲ್ಲ. ನಮ್ಮ ಜೀಪು ಊರಿಗೆ ಬಂದ ದಿನ ತಮ್ಮ ಇಬ್ಬರು ಪಾತ್ರಧಾರಿಗಳೊಂದಿಗೆ ಬೆಳಿಗ್ಗೆಯೇ ಬಂದು ನಿಂತರು. ಒಬ್ಬ ಹಾಸ್ಯಗಾರ. ಊರೂರು ಸುತ್ತಿ ತಾಂಡೂರಿನ ಪರಸಿ ಕಲ್ಲು ಹಾಸುವ ಗೌಂಡಿ. ನಾನು ಕಾಕಾ ಎನ್ನುತ್ತಿದ್ದೆ, ಆಸೆಬುರುಕನ ಪಾತ್ರ ಅವನದು. ಇನ್ನೊಬ್ಬ ಹೆಣ್ಣು ಪಾತ್ರದವನು, ಆಸೆಬುರುಕನ ಹೆಂಡತಿಯಾಗಬೇಕಾದವನು. ಮೀಸೆ ಬೋಳಿಸಿಕೊಂಡು, ಹೆಂಡತಿಯ ಸೀರೆ ಮಡಚಿ ಬಗಲಲ್ಲಿ ಇಟ್ಟುಕೊಂಡೇ ಬಂದಿದ್ದ.

ಮೊದಲ ತೊಂದರೆ ಧೋತರದ್ದು. ಕಪ್ಪು ಬಿಳುಪು ಕ್ಯಾಮೆರಾಕ್ಕೆ ಅಚ್ಚ ಬಿಳಿ ಬಟ್ಟೆ ಆಗುವುದಿಲ್ಲ. ಮುಖ ಕಪ್ಪಾಗಿ, ಬಟ್ಟೆ ಬೆಂಕಿಯ ಹಾಗೆ ಉರಿಯುತ್ತದೆ. ಚಹಾದ ನೀರಿನಲ್ಲಿ ಅದ್ದಿ ಒಣಗಿಸುವುದು ನಮ್ಮಲ್ಲಿಯ ಉಪಾಯ. ನನ್ನ ಜೊತೆ ಊರಿಗೆ ಬಂದಿದ್ದ ಅತ್ತಿ ಅಂಗಳದಲ್ಲಿ ಹಂಡೆ ಇಟ್ಟು ಚಹಾಪುಡಿ ಕುದಿಸಿದಳು. ನೋಡಲು ಬಂದ ಹೆಂಗಸರಿಗೆ ಹೇಳಿದಳು: "ಏನ್ ನೋಡ್ತೀರಿ? ಬಂದ ಮಂದಿಗಿ ಚಹಾ ಇಲ್ಲ, ಧೋತರಕ್ಕ ಚಹಾ ಕುಡಸಾಕ ಹತ್ತೀನಿ."

ಎರಡನೆಯದು ದನಿಯದು. ಬಯಲಲ್ಲಿ ಸಾವಿರ ಜನಕ್ಕೆ ಕೇಳಿಸುವಂತೆ ಕೂಗಿ ರೂಢಿಯಾದವರು. ಕಾಕಾ ಬಾಯಿ ತೆಗೆದರೆ ಧ್ವನಿ ಸಹಾಯಕ ಕಿವಿಯ ಹೆಡ್‌ಫೋನ್ ಕಿತ್ತು ಹಿಡಿಯುತ್ತಿದ್ದ. ಗೆಜ್ಜೆ ಬಿಚ್ಚಿಸಿದೆವು. ಮೈಕನ್ನು ದೂರ ಸರಿಸಿದೆವು.

ಮೊದಲ ಸಲ ಆಡಿಸುವಾಗ ಮಾಸ್ತರರನ್ನು ಅವರ ಪದ್ಧತಿಗೇ ಬಿಟ್ಟೆ. ಬಯಲಾಟದಲ್ಲಿ ಸಾರಥಿ ಎಂದೊಬ್ಬನಿರುತ್ತಾನೆ. ಯಾವ ಪಾತ್ರ ರಂಗಕ್ಕೆ ಬಂದರೂ ಅವನು ತಡೆದು, "ತಾವು ಯಾರು? ತಮ್ಮ ನಾಮಾಂಕಿತವೇನು?" ಎಂದು ಕೇಳಬೇಕು. ಆಗಲೇ ಪಾತ್ರ ಬಾಯಿ ಬಿಡುವುದು. ನಮ್ಮೂರಿನಲ್ಲಿ ನಲವತ್ತು ವರ್ಷದಿಂದ ಸಾರಥಿ ಎಂದರೆ ಮಾಸ್ತರರೇ. ಅಂದೂ ತಾಳ ಹಿಡಿದು ನಿಂತರು. ಕ್ಯಾಮೆರಾ ಶುರುವಾಯಿತು. ಕಾಕಾ ಬಂದ. ಮಾಸ್ತರರು ಕೇಳಿದರು. "ಎಲೈ ಸಾರಥಿ!" ಎಂದು ಕಾಕಾ ಎದೆ ತಟ್ಟಿಕೊಂಡು ತನ್ನ ಊರು, ಊರಿನ ಅಗಸಿ ಬಾಗಿಲು, ಅಗಸಿಯ ಮೇಲಿನ ಪಾರಿವಾಳ ಎಲ್ಲವನ್ನೂ ಬಣ್ಣಿಸಿದ. ಸಾರಥಿ ನಡುನಡುವೆ ಕೆಣಕಿದರು. ನೆರೆದವರು ಹೊಟ್ಟೆ ಹಿಡಿದು ನಕ್ಕರು. ನಾನೂ ಮೈಮರೆತಿದ್ದೆ. ಕ್ಯಾಮೆರಾದವರು ಹೈದರಾಬಾದಿನ ಹಳೇ ಶಹರದ ಸಾಹೇಬರು. ಕಣ್ಣು ತೆಗೆದು ಶಾಂತವಾಗಿ ಹೇಳಿದರು:

"ಬೇಟಿ, ಟೇಪ್ ಖತಂ. ತುಮ್ಹಾರಾ ಹೀರೋ ಅಭೀ ಘರ್ ಸೇ ನಿಕಲಾ ನೈ."

ಇಪ್ಪತ್ತು ನಿಮಿಷದ ಟೇಪು ಮುಗಿದಿತ್ತು, ನನ್ನ ಹೀರೋ ಇನ್ನೂ ಮನೆಯನ್ನೇ ಬಿಟ್ಟಿರಲಿಲ್ಲ. ಬೀಜ ಎಂಬ ಶಬ್ದವೇ ಇನ್ನೂ ಬಂದಿರಲಿಲ್ಲ.

"ನಾ ಹೇಳಿದ್ದೆ" ಎಂದರು ಮಾಸ್ತರರು. ಸಿಟ್ಟಿನಿಂದಲ್ಲ, ಲೆಕ್ಕ ಸರಿಯಾಯಿತಲ್ಲ ಎಂಬ ಸಮಾಧಾನದಿಂದ.

ಮಧ್ಯಾಹ್ನ ಸಾರಥಿಯನ್ನು ತೆಗೆದೆ. ಟಿವಿ ನಾಟಕದಲ್ಲಿ ಸಾರಥಿ ಇರುವುದಿಲ್ಲ, ನೀವು ನೇರವಾಗಿ ಮಾತು ಶುರುಮಾಡಿ ಎಂದು ಎಲ್ಲರಿಗೂ ಹೇಳಿದೆ. ಮಾಸ್ತರರು ಎದ್ದು ಹೋಗಿ ಬೇವಿನ ಗಿಡದ ಕೆಳಗೆ ಕೂತರು. ಎರಡನೆಯ ಕ್ಯಾಸೆಟ್ ಹಾಕಿದೆವು. ಕಾಕಾ ಬಂದ, ಅಂಗಳದ ನಡುವೆ ನಿಂತ. ನಿಂತೇ ಇದ್ದ.

"ಯಾಕ ಕಾಕಾ, ಮಾತಾಡ್ರಿ."

"ಮಾತಾಡ್ತೀನಿ, ಯಾರರ ಕೇಳಿದ್ರ."

"ಏನ್ ಕೇಳಬೇಕು?"

"ನಾ ಯಾರು ಅಂತ."

"ನೀವು ಯಾರು ಅಂತ ನಿಮಗ ಗೊತ್ತಿಲ್ಲೇನು?"

"ನನಗ ಗೊತ್ತದ. ಕೇಳಲಾರದ ಹೇಳಿದ್ರ ಹುಚ್ಚ ಅಂತಾರ."

ಸರಿ, ಹೆಂಡತಿಯಾದರೂ ಬರಲಿ ಎಂದು ಅತ್ತ ತಿರುಗಿದೆ. ಸೀರೆ ಉಟ್ಟು ನಿಂತಿದ್ದವನು ಸೆರಗು ಸರಿಮಾಡಿಕೊಂಡು ಅಂದ: "ಗಂಡ ಆಗಾವನೇ ಇನ್ನಾ ಯಾರು ಅಂತ ಹೇಳಿಲ್ಲ. ನಾ ಯಾರ ಹೆಂಡ್ತಿ ಅಂತ ಬರ್ಲಿ?"

ನಾಲ್ಕು ಸಲ ಪ್ರಯತ್ನಿಸಿದೆವು. ನಾನು ಮರೆಯಲ್ಲಿ ನಿಂತು ಕೈಸನ್ನೆ ಮಾಡಿದೆ. ಮೊದಲ ಮಾತನ್ನು ನಾನೇ ಪಿಸುಗುಟ್ಟಿದೆ. ಕಾಕಾ ಮಾತಾಡಿದ, ಆದರೆ ಬೆಳಗಿನ ಮನುಷ್ಯ ಅವನಲ್ಲ. ಹೇಳಿದ್ದನ್ನು ಒಪ್ಪಿಸುವ ಶಾಲೆಯ ಹುಡುಗನಂತೆ ಒಪ್ಪಿಸಿದ. ಪ್ರತಿ ವಾಕ್ಯ ಮುಗಿದಾಗಲೂ ಕಣ್ಣು ಬೇವಿನ ಗಿಡದತ್ತ ಹೋಗುತ್ತಿತ್ತು. ಬಿಸಿಲು ಇಳಿಯಿತು. ಎರಡೂ ಬ್ಯಾಟರಿ ಇಳಿದವು.

ಜೀಪು ಜಹೀರಾಬಾದಿಗೆ ಹೊರಡುವ ಮುನ್ನ ನಿರ್ಮಾಪಕರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ನಾಳೆ ಎರಡು ಗಂಟೆಗೆ ನಾವು ಹೊರಡಲೇಬೇಕು. ಅಷ್ಟರೊಳಗೆ ಆದರೆ ಸರಿ. ಇಲ್ಲದಿದ್ದರೆ ಜೋಳದ ಹೊಲ ತೆಗೆದು, ಮೇಲೆ ವಿವರಣೆ ಓದಿಸಿ ನಾನೇ ಮುಗಿಸ್ತೀನಿ. ಬೇಜಾರು ಮಾಡ್ಕೋಬೇಡಿ. ಆದರೆ ಅದು ನಿಮ್ಮ ಕಾರ್ಯಕ್ರಮ ಅನ್ನಿಸಿಕೊಳ್ಳೋದಿಲ್ಲ." ಅವರ ದನಿಯಲ್ಲಿ ಒರಟುತನ ಇರಲಿಲ್ಲ. ಅದಕ್ಕೇ ನನಗೆ ವಾದಿಸಲು ಆಗಲಿಲ್ಲ.

ಮನೆಗೆ ಬಂದು ಸ್ಕ್ರಿಪ್ಟು ಹಿಡಿದು ಕೂತೆ. ಅತ್ತಿ ರೊಟ್ಟಿ ಬಡಿಯುತ್ತಿದ್ದಳು. ದಿನವಿಡೀ ನಾನು ಕಾಕಾನನ್ನು ದೂರುತ್ತಿದ್ದೆ, ಒಳಗೊಳಗೇ ಇವರೆಲ್ಲ ಓದದವರು ಎಂದುಕೊಳ್ಳುತ್ತಿದ್ದೆ. ಆಗ ನಾರಾಯಣಖೇಡದ ಹೈಸ್ಕೂಲಿಗೆ ನಾನು ಸೇರಲು ಹೋದ ದಿನ ನೆನಪಿಗೆ ಬಂತು. ಬೆಳಿಗ್ಗೆಯಿಂದ ವರಾಂಡದಲ್ಲಿ ಗೋಡೆಗೆ ಒರಗಿ ಬಾಯಿ ಹೊಲಿದುಕೊಂಡು ನಿಂತಿದ್ದೆ. ಯಾರನ್ನೂ ಏನೂ ಕೇಳಲು ಧೈರ್ಯವಿರಲಿಲ್ಲ. ಕಿಟಕಿಯೊಳಗಿನ ಗುಮಾಸ್ತ ತಲೆ ಎತ್ತದೆ, "ಪೇರು? ತಂಡ್ರಿ ಪೇರು? ಊರು?" ಎಂದು ತೆಲುಗಿನಲ್ಲಿ ಕೇಳಿದ್ದೇ ತಡ, ಹೆಸರು, ತಂದೆಯ ಹೆಸರು, ಊರು ಮೂರಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಹೇಳಿದ್ದೆ. ಯಾರು ಎಂದು ಕೇಳುವವರು ಬೇಕಾಗಿದ್ದುದು ಕಾಕಾ ಒಬ್ಬನಿಗೇ ಅಲ್ಲ.

ಕಿಟಕಿಯ ಒಳಗಿನ ಗುಮಾಸ್ತನೂ ಸಾರಥಿಯೇ. ಬಂದವರನ್ನೆಲ್ಲ ಯಾರು ಎಂದು ಕೇಳುವುದೇ ಅವನ ಕೆಲಸ, ಆದರೆ ಅವನು ಗಡಿಬಿಡಿಯವನು, ಪಾರಿವಾಳದ ಕಥೆ ಕೇಳುವುದಿಲ್ಲ. ಮನೆಯ ದೃಶ್ಯ, ಹೊಲದ ದೃಶ್ಯ ಎರಡನ್ನೂ ಹೊಡೆದು ಹಾಕಿದೆ. ಇಡೀ ನಾಟಕ ಸೊಸೈಟಿಯ ಕಿಟಕಿಯಲ್ಲೇ. ಬೆಳಿಗ್ಗೆಯಿಂದ ನೋಡಿದ ಮೇಲೆ ಗುಮಾಸ್ತ ಯಾರಾಗಬೇಕು ಎಂಬುದರಲ್ಲೂ ನನಗೆ ಸಂಶಯ ಉಳಿಯಲಿಲ್ಲ. ಸಮಯ ಗೊತ್ತಿದ್ದವಳು ನಾನೊಬ್ಬಳೇ. ಗಡಿಯಾರ ನೋಡುತ್ತ ಮಾತು ಮೊಟಕು ಮಾಡಲು ಕಿಟಕಿಯೊಳಗೆ ನಾನೇ ಕೂರಬೇಕು.

ಮರುದಿನ ಬೆಳಿಗ್ಗೆ ಕಟ್ಟೆಗೆ ಹೋಗಿ ಮಾಸ್ತರರಿಗೆ ಹೇಳಿದೆ. ಅವರ ಮುಖ ಬಿಗಿಯಿತು.

"ಹೆಣ್ಮಗಳು ಸಾರಥಿ ಆಗಿದ್ದು ಎಲ್ಲ್ಯರ ಕೇಳೀದೇನು?"

"ಸಾರಥಿ ಅಲ್ರಿ ಮಾಸ್ತರ, ಸೊಸೈಟಿ ಗುಮಾಸ್ತೆ."

"ಕೇಳೋದು ಅದೇ ಮಾತು ಅದಲ್ಲ? ಹಂಗಾದ್ರ ನಾ ಯಾಕ ಬೇಕು?"

"ನೀವು ಬೇಕ್ರಿ. ಪಟ್ಟ್ಯಾಗ ಹೆಸರಿಲ್ಲದ ಮುದುಕ ರೈತ ಒಬ್ಬ ಬರ್ತಾನ. ಆ ಪಾತ್ರ ನಿಮ್ದು."

ಚಹಾದ ಬಣ್ಣದ ಧೋತರಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟಿದ್ದ ಅತ್ತಿ ಅಲ್ಲೇ ನಿಂತಳು. "ಮಾಸ್ತರ, ನಲವತ್ತು ವರ್ಷ ಮಂದಿಗಿ ಕೇಳೀರಿ. ಒಮ್ಮೆ ನೀವೇ ಹೇಳ್ರಿ, ನೋಡಮು. ಬಾಯಿ ಬರ್ತದೋ ಇಲ್ಲೋ?"

ಕಟ್ಟೆಯ ಮೇಲಿದ್ದವರು ನಕ್ಕರು. ಈ ಸಲ ನಗೆ ಮಾಸ್ತರರ ಕಡೆಗಿರಲಿಲ್ಲ. ಅವರು ಎದ್ದು ರುಮಾಲು ಝಾಡಿಸಿದರು. "ಬರ್ತೀನಿ. ಆದ್ರ ತಾಲೀಮು ಕೇಳಬ್ಯಾಡ. ನಾ ತಾಲೀಮು ಕೊಡಾವ, ತಗೊಳ್ಳಾವ ಅಲ್ಲ."

ಊರ ಸೊಸೈಟಿಯ ಗೋದಾಮಿಗೆ ಕಂಬಿಯಿಲ್ಲದ ಸಣ್ಣ ಕಿಟಕಿ ಇತ್ತು. ಒಳಗೆ ನಾನು, ಮುಂದೆ ಪಟ್ಟಿಯ ಪುಸ್ತಕ, ಪಕ್ಕಕ್ಕೆ ತಿರುಗಿಸಿಟ್ಟ ಕೈಗಡಿಯಾರ. ನನ್ನ ಭುಜದ ಹಿಂದೆ ಕ್ಯಾಮೆರಾ. ಕಿಟಕಿಯ ಹೊರಗೆ ಹೆಚ್ಚು ಬೆಳಕು, ಒಳಗೆ ಕತ್ತಲೆ. ಬಂದವರ ಮುಖ ಕಪ್ಪಾಗದಂತೆ ಬೇಗಡೆ ಕಾಗದ ಅಂಟಿಸಿದ ಹಲಗೆಯನ್ನು ಹೊರಗೆ ಓರೆಯಾಗಿ ಹಿಡಿಸಿದೆವು. ಮೈಕನ್ನು ಕಿಟಕಿಕಟ್ಟೆಯ ಮೇಲೆ ಜೋಳ ಅಳೆಯುವ ಸೇರಿನೊಳಗೆ ಅಡಗಿಸಿದೆವು. ಮಾಸ್ತರರನ್ನು ಬಿಟ್ಟು ಉಳಿದ ಇಬ್ಬರೊಂದಿಗೆ ಎರಡು ಸಲ ತಾಲೀಮು ಆಯಿತು. ಹನ್ನೆರಡೂವರೆಗೆ ಮೂರನೆಯ ಕ್ಯಾಸೆಟ್ ಹಾಕಿದರು.

"ಯಾರು? ಹೆಸರೇನು?" ಎಂದೆ, ತಲೆ ಎತ್ತದೆ.

"ಎಲೈ ಸಾ—" ಎಂದು ಕಾಕಾ ಶುರುಮಾಡಿದ. ನಾನು ತಲೆ ಎತ್ತಿದೆ. "—ಸಾಹೇಬ್ರ" ಎಂದು ನುಂಗಿಕೊಂಡು ಹೆಸರು ಹೇಳಿದ. ಹೊರಗಿದ್ದವರು ನಗೆ ತಡೆಯಲು ಬಾಯಿಗೆ ಬಟ್ಟೆ ತುರುಕಿಕೊಂಡರು. ಅಲ್ಲಿಂದ ಬಂಡಿ ಉರುಳಿತು. ಕಾಕಾ ಒಂದು ಚೀಲ ಒಯ್ದ, ಹಳದಿ ರುಮಾಲಿನಲ್ಲಿ ಬಂದು ಇನ್ನೊಂದು ಒಯ್ದ. ಹೆಂಡತಿ ಬಂದು, ಗಂಡ ಯಾರು ಎಂದು ಕೇಳಿದ್ದಕ್ಕೆ, "ಯಾವ ರುಮಾಲಿನಾವ್ರಿ?" ಎಂದು ಬಾಯಿ ತಪ್ಪಿ ಕೇಳಿದಳು. ನಾನು ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ, ಮಾತು ಉದ್ದವಾದರೆ "ಮುಂದ" ಎನ್ನುತ್ತಿದ್ದೆ. ಹದಿನಾಲ್ಕನೆಯ ನಿಮಿಷಕ್ಕೆ ಕಾಕಾ ಮೂರನೆಯ ರುಮಾಲಿನಲ್ಲಿ ಬಂದು ಮೂರನೆಯ ಚೀಲ ಎತ್ತಿ ಪಕ್ಕಕ್ಕೆ ಸರಿದ. ಮಾಸ್ತರರು ಕಿಟಕಿಗೆ ಬಂದರು.

"ಯಾರು? ಹೆಸರೇನು?"

ಅವರು ಬಾಯಿ ತೆರೆದರು. ಮಾತು ಬರಲಿಲ್ಲ.

ನಲವತ್ತು ವರ್ಷ ರಾಜರನ್ನು, ರಾಕ್ಷಸರನ್ನು, ದೇವತೆಗಳನ್ನು ತಡೆದು ಕೇಳಿದ್ದ ಮನುಷ್ಯ. ಅವರನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಹಲಗೆಯ ಬೆಳಕು ಅವರ ಮುಖದ ಮೇಲೆ ನೇರ ಬಿದ್ದಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ಕ್ಯಾಮೆರಾದ ಪಕ್ಕ ನಿರ್ಮಾಪಕರ ಕೈ ನಿಲ್ಲಿಸಲೆಂದು ಮೇಲೆದ್ದದ್ದು ಓರೆಗಣ್ಣಿಗೆ ಕಂಡಿತು. ನಾನು ಮೇಜಿನ ಕೆಳಗೆ ಬೇಡವೆಂದು ಕೈಯಾಡಿಸಿದೆ. ಗಡಿಯಾರದ ಮುಳ್ಳು ಓಡುತ್ತಿತ್ತು. ಆಮೇಲೆ ಲೆಕ್ಕ ಹಾಕಿದಾಗ ಒಂಬತ್ತು ಸೆಕೆಂಡು.

"ನಾನೇನ್ರಿ?" ಎಂದರು ಕೊನೆಗೆ, ಬಯಲಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ. "ನಾ ಇದೇ ಊರಾವ್ರಿ. ಎಲ್ಲಾರಿಗಿ ಗೊತ್ತದ ಅಂತ ತಿಳದಿದ್ದೆ. ಪಟ್ಟ್ಯಾಗ ಇಲ್ಲೇನ್ರಿ?"

ಸ್ಕ್ರಿಪ್ಟಿನಲ್ಲಿ ನನ್ನ ಮಾತು, "ಇಲ್ಲ. ಮುಂದ." ನಾನೇ ಬರೆದದ್ದು. ಬಾಯಿಗೆ ಬರಲಿಲ್ಲ. ಪೆನ್ನು ತೆಗೆದುಕೊಂಡೆ. "ಹೆಸರು ಹೇಳ್ರಿ, ಬರಕೋತೀನಿ" ಎಂದೆ. ಅವರು ತಮ್ಮ ಸ್ವಂತ ಹೆಸರನ್ನು, ತಂದೆಯ ಹೆಸರನ್ನು ಹೇಳಿದರು. ನಾನು ಬರೆದೆ. ಈಗ ಕಥೆ ಎತ್ತ ಹೋಗಬೇಕೋ ನನಗೇ ತಿಳಿಯದು. ಕಾಕಾ ಸಿಕ್ಕಿಬೀಳಬೇಕಾದ ಜಾಗ ದಾಟಿಹೋಗಿತ್ತು. ಅವನೇ ಚೀಲ ಎಳೆದುಕೊಂಡು ಬಂದು ಮಾಸ್ತರರ ಕಾಲ ಬಳಿ ಇಟ್ಟ.

"ಬಾಯಾರ, ನನ್ನ ಹೆಸರಿನ್ಯಾಗ ಒಂದು ಕಡಿಮಿ ಮಾಡ್ರಿ, ಇವ್ರದ ಬರೀರಿ. ಹ್ಯಾಂಗೂ ಮೂರನೇ ರುಮಾಲು ನನಗ ಭಾಳ ಬಿಗಿ ಆಗ್ಯಾದ."

ಹೊರಗಿದ್ದ ಊರು ಬಟ್ಟೆ ಬಾಯಿಂದ ತೆಗೆದು ನಕ್ಕಿತು. ಆ ನಗೆಯೂ ಟೇಪಿನಲ್ಲಿ ಸೇರಿತು. ಹದಿನೆಂಟು ನಿಮಿಷ. ಕ್ಯಾಮೆರಾ ಸಾಹೇಬರು ಬೆವರು ಒರೆಸಿಕೊಂಡು, "ಅಬ್ ನಿಕಲಾ ಹೀರೋ" ಎಂದರು, ಹೀರೋ ಈಗ ಮನೆ ಬಿಟ್ಟ ಎಂದು. ಎರಡಕ್ಕೆ ಐದು ನಿಮಿಷವಿರುವಾಗ ಜೀಪು ತಾಂಡೂರಿನ ದಾರಿ ಹಿಡಿಯಿತು.

ಅಲ್ಲಿಗೆ ಮುಗಿಯಲಿಲ್ಲ. ಪ್ರಸಾರಕ್ಕೆ ಮುಂಚೆ ಕೇಂದ್ರದಲ್ಲಿ ಟೇಪನ್ನು ಹಾಕಿ ನೋಡುತ್ತಾರೆ. ತಾಂತ್ರಿಕ ಅಧಿಕಾರಿ ಮಾಸ್ತರರ ಮುಖ ಬಂದಲ್ಲಿ ನಿಲ್ಲಿಸಿದರು. "ಒಂಬತ್ತು ಸೆಕೆಂಡು ಸದ್ದಿಲ್ಲ. ಜನ ಟಿವಿ ಕೆಟ್ಟಿತು ಅಂದುಕೊಳ್ತಾರೆ. ಇದನ್ನು ತೆಗೆದು ಜೋಡಿಸಿ."

ಜೋಡಿಸಿದರೆ ಚಿತ್ರ ಹರಿಯುವುದು ಆ ಮುಖದ ಮೇಲೆಯೇ. ನಾನು ಹೇಳಿದೆ. ಪರವಾಗಿಲ್ಲ ಎಂದರು. ಹಾಗಾದರೆ ನನ್ನ ಹೆಸರು ಹಾಕಬೇಡಿ ಎಂದೆ. ಹೆಸರಿಲ್ಲದಿದ್ದರೆ ಅದು ನಿಮ್ಮ ಕಾರ್ಯಕ್ರಮವಲ್ಲ, ಏನಾಗುತ್ತದೆ ಗೊತ್ತಿದೆಯಲ್ಲ ಎಂದು ಕೇಳಿದರು. ಗೊತ್ತಿದೆ ಎಂದೆ. ನಾನು ಧೈರ್ಯದವಳೆಂದು ಹೇಳುತ್ತಿಲ್ಲ. ಆ ಮುಖವನ್ನು ನಾನು ಊರಿಗೆ ಹೋಗಿ ಮತ್ತೆ ನೋಡಬೇಕಾಗಿತ್ತು, ಅಷ್ಟೆ.

ನಿರ್ಮಾಪಕರು ಟೇಪನ್ನು ಮೊದಲಿಗೆ ತಿರುಗಿಸಿದರು. "ಇನ್ನೊಮ್ಮೆ ನೋಡೋಣ ಸರ್, ತಡೆಯದೆ." ಎರಡನೆಯ ಸಲ ಅಧಿಕಾರಿ ರುಮಾಲಿನ ಮಾತಿಗೆ ನಕ್ಕರು. ನಕ್ಕ ಮೇಲೆ ಕನ್ನಡಕ ತೆಗೆದು ಒರೆಸಿದರು. "ಹಾಗೇ ಇರಲಿ" ಎಂದು ಹಾಳೆಯ ಮೇಲೆ ಸಹಿ ಮಾಡಿದರು.

ನಾಟಕ ಪ್ರಸಾರವಾದ ಸಂಜೆ ನಾನು ಕೇಂದ್ರದಲ್ಲೇ ಇದ್ದೆ. ಊರ ಶಾಲೆಗೆ ಸರ್ಕಾರ ಕೊಟ್ಟಿದ್ದ ಟಿವಿಯಲ್ಲಿ ಮಾಸ್ತರರ ಮುಖ ಬಂದಾಗ ಯಾರೂ ಎದ್ದು ಗುಂಡಿ ತಿರುವಲಿಲ್ಲ, ಟಿವಿ ಕೆಟ್ಟಿತೆಂದು ಯಾರೂ ಅನ್ನಲಿಲ್ಲವಂತೆ.

ತಿಂಗಳ ಕೊನೆಯ ದಿನ ನಿರ್ಮಾಪಕರ ಕೋಣೆಗೆ ಕರೆಸಿದರು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತಿಯನ್ನು ನೋಡಿ, ಅವರನ್ನೂ ಒಳಗೆ ಕರೆಯಿರಿ ಎಂದರು. ಎದ್ದು ನಿಂತೇ ಸರ್ಟಿಫಿಕೇಟು ಕೊಟ್ಟರು. ದಪ್ಪ ಕಾಗದ, ಮೂಲೆಯಲ್ಲಿ ಮೊಹರು, ನಡುವೆ ಟೈಪು ಮಾಡಿದ ನನ್ನ ಹೆಸರು. ನಾನು ಎರಡು ಸಲ ಓದಿ, ಚೀಲದಲ್ಲಿಡಲು ಮಡಚಬೇಕೆಂದು ಅಂಚು ಹಿಡಿದೆ. ಅತ್ತಿ ನನ್ನ ಮುಂಗೈ ಹಿಡಿದುಕೊಂಡಳು.

"ಏ ಪೋರಿ, ಮಡಚಬ್ಯಾಡ. ಇಲ್ಲಿ ಕೊಡು, ಬಸ್ಸಿನ್ಯಾಗ ಜಹೀರಾಬಾದ್ ತನಕ ನಾ ಹಿಡ್ಕೊಂಡು ಕುಂದರ್ತೀನಿ. ನಂದೂ ಆರು ತಿಂಗಳು ಇದರಾಗ ಅವ."